ಜುಲೈಯಲ್ಲಿ ಉತ್ತರಕ್ಕೆ

ರಾತ್ರಿಪಾಳಿ ಮುಗಿಸಿ
ಅಜ್ಮಾನಿನ ಆಸ್ಪತ್ರೆಯ ಹಿಂಬಾಗಿಲಲ್ಲಿ ಚಪ್ಪಲಿ ಬದಲಿಸುತ್ತಿದ್ದೆ.
ಫ್ಲೇವಿಯಾ ಹಾರ್ನ್ ಹೊಡೆದಳು, ಮೂರು ಸಲ.
"ಹತ್ತು. ಕುವೈತಿಗೆ ಹೋಗುವ."
ಯಾವಾಗ?
"ಈಗ ಮಾರಾಯ್ತಿ. ವೀಸಾ ಫೋನಿನಲ್ಲೇ ಆಯಿತು,
ನಿನ್ನದೂ ನಾನೇ ಮಾಡಿದೆ."
ಹಿಂದಿನ ಸೀಟಿನಲ್ಲಿ ಆಗಲೇ ಮೈಮೂನಾ,
ಮಡಿಲಲ್ಲಿ ಕರಕ್ ಚಹಾದ ಫ್ಲಾಸ್ಕು,
ಬಾಯಲ್ಲಿ ಪಿನ್ನು, ತಲೆವಸ್ತ್ರ ಇನ್ನೂ ಅರ್ಧ.

ಬೇರೆ ಕಡೆ ಜನ ಬೇಸಗೆಗೆ ಉತ್ತರಕ್ಕೆ ಹೋಗುವುದು
ತಂಪಿಗಂತೆ.
ಇಲ್ಲಿ ಮೇಲೆ ಹೋದಷ್ಟೂ ಕಾವಲಿ ಕಾಯುತ್ತದೆ.
ನಮ್ಮ ಬೆಳ್ಳಿ ಬಣ್ಣದ ಸನ್ನಿಯ ಏಸಿಯೋ
ಓಡುವಾಗ ಮಾತ್ರ ಉಸಿರಾಡುವುದು;
ನಿಂತರೆ ಅದಕ್ಕೂ ಸಾಕು, ನಮಗೂ.

ನಾಲ್ಕು ಮಂಚದ ಕೋಣೆಯಲ್ಲಿ ಆರು ವರ್ಷ
ಕಿಟಕಿ ಪಕ್ಕದ್ದು ನೀಲಾಂಬಿಕೆಯದು.
ಶಹಾಪುರದವಳು. ನಮ್ಮ ಕುಚ್ಚಲಕ್ಕಿ ಗಂಜಿಗೆ
"ಇದು ರೋಗಿಗಿ, ನನಗ್ಯಾಕ" ಅನ್ನುತ್ತಿದ್ದಳು.
ಕುವೈತಿಗೆ ಹೋದ ಮೇಲೆ ಮೊದಲು ಕಡಲಿನ ಫೋಟೊ,
ಆಮೇಲೆ ಗುಲಾಬಿ ಹೂವಿನ ಶುಭೋದಯ,
ಆಮೇಲೆ ಅದೂ ಇಲ್ಲ.
ಹದಿನಾಲ್ಕು ತಿಂಗಳು
ಕೇಳಿದ್ದಕ್ಕೆಲ್ಲ ಎರಡು ನೀಲಿ ಗೆರೆ,
ನೀಲಾ ಇಲ್ಲ.

ಗುವೈಫಾತ್ ಗಡಿಯಲ್ಲಿ ಅಧಿಕಾರಿ ಕೇಳಿದ: ಎಲ್ಲಿಗೆ?
ಫ್ಲೇವಿಯಾಳ ಅರಬ್ಬಿ ಎಂಟು ಶಬ್ದದ್ದು.
"ಶಿಮಾಲ್," ಅಂದಳು. ಉತ್ತರ.
ಯಾಕೆ?
"ಸದೀಖಾ." ಗೆಳತಿ.
ಅವನು ನಮ್ಮ ಮೂರು ಮುಖ, ಐಸಿನ ಪೆಟ್ಟಿಗೆ,
ಕೊರಳಿಗೆ ಸುತ್ತಿದ ಒದ್ದೆ ಟವೆಲುಗಳನ್ನು ನೋಡಿ
ಇನ್ನೇನೂ ಕೇಳದೆ ಠಸ್ಸೆ ಒತ್ತಿದ.

ಬತ್ಹಾ ದಾಟಿದ್ದು ನನಗೆ ಗೊತ್ತಿಲ್ಲ, ನಿದ್ದೆ.
ಹಫೂಫಿನಲ್ಲಿ ಎಬ್ಬಿಸಿ ಬಾಯಿಗೆ ಖರ್ಜೂರ ತುರುಕಿದರು,
ಅರ್ಧ ಹಣ್ಣು, ಅರ್ಧ ಚೊಗರು.
ಆಮೇಲೆ ಎದುರಿನಿಂದಲೇ ಶಮಾಲ್ ಗಾಳಿ.
ರಸ್ತೆಯ ಬಿಳಿಗೆರೆಯನ್ನು ಮರಳು ಅಳಿಸುತ್ತ ಹೋಯಿತು.
ಮೈಮೂನಾ ಬಾಯಲ್ಲೇ ಪ್ರಾರ್ಥನೆ, ಫ್ಲೇವಿಯಾ ಕೊರಳ ಶಿಲುಬೆ,
ನಾನು ಮುಂದಿನ ಲಾರಿಯ ಕೆಂಪು ದೀಪವನ್ನು
ಗಟ್ಟಿಯಾಗಿ ಹಿಡಿದುಕೊಂಡೆವು.

ವಿಳಾಸ ಕೊಟ್ಟವನು ಮೈಮೂನಾಳ ಚಿಕ್ಕಪ್ಪನ ಮಗ;
ಫಹಾಹೀಲಿನಲ್ಲಿ ಅವನ ಅಂಗಡಿ.
"ಜೋಳದ ಹಿಟ್ಟು ಕೇಳಲಿಕ್ಕೆ
ಒಬ್ಬಳೇ ಒಬ್ಬಳು ಬರುತ್ತಾಳೆ."

ತಲುಪಿದಾಗ ರಾತ್ರಿ ಒಂದೂವರೆ.
ಬೆಳಗಿನ ಬಾಂಗಿನ ತನಕ ಕಾರಿನಲ್ಲೇ ಕೂತೆವು.
ಬಾಗಿಲು ತೆರೆದವಳ ಕೈತುಂಬ ಹಿಟ್ಟು.
"ಯವ್ವಾ! ಒಂದು ಸುದ್ದಿ ಕಳಸಬಾರ್ದೇನ್ರೆ?"
"ಕಳಿಸಿದ್ದು ಮುನ್ನೂರು ಉಂಟು," ಅಂದಳು ಫ್ಲೇವಿಯಾ.
ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗೆ ಗಾಲಿಕುರ್ಚಿಯಲ್ಲಿ ಮನೆಯ ಮುದುಕಿ.
ಲಕ್ವ ಹೊಡೆದು ಅವಳ ಅರಬ್ಬಿಯೆಲ್ಲ ಹೋಗಿತ್ತು,
ಮಕ್ಕಳ ಹೆಸರು ಕೂಡ.
ನೀಲಾ ರೊಟ್ಟಿ ಬಡಿಯುತ್ತ, ನಮ್ಮ ಕಡೆ ತಿರುಗದೆ,
"ಲೈಸೆನ್ಸ್ ಪರೀಕ್ಷಿ ಮೂರು ಸಲ ಫೇಲಾದೆ.
ಆಸ್ಪತ್ರಿ ಬಿಡಿಸಿದ್ರು. ಈಗ ಈಕಿನ್ನ ನೋಡ್ಕೊಳ್ಳೂದು."
ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ.
ನಾವು ಮೂವರೂ ಕೈ ಕಟ್ಟಿ ನಿಂತಿದ್ದೆವು,
ವಾರ್ಡಿನಲ್ಲಿ ಕೆಟ್ಟ ಸುದ್ದಿ ಹೇಳಬೇಕಾದವರ ಹಾಗೆ.

ಆಗ ಮುದುಕಿ ಸರಿಯಿದ್ದ ಅರ್ಧ ಬಾಯಿಂದ
ನಮ್ಮನ್ನು ನೋಡಿ ಗದರಿದಳು:
"ಉಣ್ರಿ."

ಸ್ಪಷ್ಟ, ಶಹಾಪುರದ್ದೇ.
ನೀಲಾ ಒಲೆಯ ಕಡೆಗೇ ಮುಖ ಮಾಡಿ ನಕ್ಕಳು.
"ಅದೊಂದ ಬರ್ತದ. ನಾ ಕಲಿಸಿಲ್ಲ,
ದಿನಾ ಕೇಳಿ ಕೇಳಿ ಬಂತು."
ಉಂಡೆವು. ಎರಡು ದಿನ ಅದನ್ನೇ ಮಾಡಿದೆವು.
ಯಾಕೆ ಸುಮ್ಮನಾದೆ ಎಂದು ಕೇಳಲಿಕ್ಕೆ
ಸಾವಿರದ ಮುನ್ನೂರು ಕಿಲೋಮೀಟರ್ ಬಂದಿದ್ದೆವು;
ಮರೆತೇ ಹೋಯಿತು, ಅಥವಾ ಹಾಗೆ ನಟಿಸಿದೆವು.

ಹಿಂತಿರುಗುವಾಗ ಗಾಳಿ ಬೆನ್ನಿಗಿತ್ತು.
ಸಿಲಾದ ಪೆಟ್ರೋಲ್ ಬಂಕಿನಲ್ಲಿ ಫೋನು ಗುಂಯ್ ಎಂದಿತು,
ನಿಲ್ಲಲೇ ಇಲ್ಲ.
ಹದಿನಾಲ್ಕು ತಿಂಗಳ ಹಿಂದಿನಿಂದ ಒಂದೊಂದಾಗಿ:
"ಮೈಮೂನಾ, ಹಸರ ಬ್ಯಾಡ, ಮೆಂತೇದ ಬಣ್ಣದ್ದ ತಗೊ."
ಮೆಂತೆ ಬಣ್ಣದ್ದು ಆಗಲೇ ಹರಿದಿತ್ತು.
"ಫ್ಲೇವಿ, ನಿಮ್ಮಪ್ಪನ ಆಪರೇಶನ್ ಛಲೋ ಆಗ್ತದ, ಅಂಜಬ್ಯಾಡ."
ಆಗಿ ವರ್ಷವಾಯಿತು. ಫ್ಲೇವಿಯಾ ಓದಿ
ಕನ್ನಡಕ ಒರೆಸಿಕೊಂಡಳು.
ನನ್ನದು ಎಲ್ಲಕ್ಕಿಂತ ಸಣ್ಣದು: "ಹೇಗಿದ್ದಿ?"
ಅದರ ಕೆಳಗೆ ಟೈಪಿಂಗ್ ಎಂದು ಬರುತ್ತದೆ, ಅಳಿಸುತ್ತದೆ,
ಮತ್ತೆ ಬರುತ್ತದೆ.
"ಹತ್ತು ಮಾರಾಯ್ತಿ," ಅಂದಳು ಫ್ಲೇವಿಯಾ,
"ನಿಂತರೆ ಏಸಿ ಇಲ್ಲ."